ಟ್ರಿಗರ್ ಹಗುರವಾದರೆ ಸಾಲದು, ಪ್ರತಿ ಸಲವೂ ಒಂದೇ ಥರ ಬಿಡಬೇಕು

ಸಂಪಾದಕರಿಗೆ,

ಮಾನ್ಯರೇ,

ಶೂಟಿಂಗ್ ಸ್ಪರ್ಧೆಯ ಸುದ್ದಿ ಬಂದಾಗಲೆಲ್ಲ ರೈಫಲ್‌ನ ಟ್ರಿಗರ್ ಬಗ್ಗೆ ಒಂದೇ ಮಾತು ಕೇಳಿಬರುತ್ತದೆ: ಮುಟ್ಟಿದರೆ ಸಾಕು, ಗುಂಡು ಹಾರುತ್ತದೆ. ಇದನ್ನು ನಂಬಿ ಹೊಸದಾಗಿ ಗುರಿ ರೈಫಲ್ ಹಿಡಿದವರು ಮಾಡುವ ಮೊದಲ ಕೆಲಸ ಸ್ಪ್ರಿಂಗಿನ ಸ್ಕ್ರೂ ಸಡಿಲಿಸುವುದು. ಅದರಿಂದ ಸಮಾಧಾನವಾಗದಿದ್ದರೆ ಸಿಯರ್ (ಹೊಡೆಯುವ ಭಾಗವನ್ನು ತಡೆದು ಹಿಡಿಯುವ ಕೊಂಡಿ) ಬಿಚ್ಚಿ ಎಮೆರಿ ಕಾಗದಕ್ಕೆ ಉಜ್ಜುವುದು. ಹೀಗೆ ಕೆಟ್ಟುಹೋದ ಒಳ್ಳೊಳ್ಳೆಯ ರೈಫಲ್‌ಗಳು ದುರಸ್ತಿ ಮೇಜಿಗೆ ಬರುತ್ತಲೇ ಇರುತ್ತವೆ. ಟ್ರಿಗರ್ ನಯವಾಗಿದೆ ಎಂಬ ಅನುಭವ ಬರುವುದು ಅದು ಪ್ರತಿ ಸಲವೂ ಅದೇ ಜಾಗದಲ್ಲಿ, ಅದೇ ಭಾರಕ್ಕೆ ಬಿಟ್ಟಾಗ. ಇದನ್ನು ಸಾಧಿಸಲು ಸಾಮಾನ್ಯವಾಗಿ ಒಂದು ಅಲೆನ್ ಕೀ, ಒಂದು ಬ್ರಷ್ಷು ಮತ್ತು ಒಂದು ಸಂಜೆಯ ತಾಳ್ಮೆ ಸಾಕು. ಕಲ್ಲು, ಅರ ಬೇಕಾಗುವುದು ತೀರಾ ಅಪರೂಪ.

ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ ನಿಯಮದಂತೆ 10 ಮೀಟರ್ ಏರ್ ಪಿಸ್ತೂಲಿನ ಟ್ರಿಗರ್ ಭಾರ, ಅಂದರೆ ಹೊಡೆತ ಬೀಳಲು ಬೆರಳು ಹಾಕಬೇಕಾದ ಒತ್ತಡ, ಕನಿಷ್ಠ 500 ಗ್ರಾಂ ಇರಬೇಕು. 25 ಮೀಟರ್ ಪಿಸ್ತೂಲಿಗೆ 1000 ಗ್ರಾಂ, 300 ಮೀಟರ್ ಸ್ಟ್ಯಾಂಡರ್ಡ್ ರೈಫಲ್‌ಗೆ 1500 ಗ್ರಾಂ. ಆದರೆ 10 ಮೀಟರ್ ಏರ್ ರೈಫಲ್‌ಗೂ 50 ಮೀಟರ್ ರೈಫಲ್‌ಗೂ ಕೆಳಗಿನ ಮಿತಿಯೇ ಇಲ್ಲ. ಹಗುರ ಮಾಡುವ ಆಸೆ ಕೈಮೀರುವುದು ಈ ಎರಡರಲ್ಲೇ. 10 ಮೀಟರ್ ಏರ್ ರೈಫಲ್ ಗುರಿಹಲಗೆಯಲ್ಲಿ ಹತ್ತರ ಚುಕ್ಕೆಯ ವ್ಯಾಸ ಬರೀ ಅರ್ಧ ಮಿಲಿಮೀಟರ್. ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಡುವ ಪೆಲೆಟ್ (ಏರ್ ರೈಫಲ್ಲಿನ ಪುಟ್ಟ ಗುಂಡು) ಬ್ಯಾರಲ್ (ನಳಿಗೆ) ದಾಟಲು ಕೆಲವು ಮಿಲಿಸೆಕೆಂಡು ಹಿಡಿಯುತ್ತದೆ. ಅಷ್ಟು ಹೊತ್ತೂ ಬೆರಳಿನ ಚಲನೆ ರೈಫಲ್‌ಗೆ ತಾಗುತ್ತಲೇ ಇರುತ್ತದೆ. ಟ್ರಿಗರ್ 40 ಗ್ರಾಂಗೆ ಬಿಟ್ಟರೂ, ಯಾವ ಕ್ಷಣಕ್ಕೆ ಬಿಡುತ್ತದೆ ಎಂದು ಬೆರಳಿಗೆ ಗೊತ್ತಾಗದಿದ್ದರೆ ಆ ಹಗುರದಿಂದ ಉಪಯೋಗವಿಲ್ಲ.

ಗುರಿ ರೈಫಲ್‌ಗಳಲ್ಲಿ ಹೆಚ್ಚಾಗಿ ಇರುವುದು ಎರಡು ಹಂತದ ಟ್ರಿಗರ್. ಬೆರಳಿಟ್ಟು ಒತ್ತಿದಾಗ ಬ್ಲೇಡು (ಬೆರಳು ಕೂರುವ ಪಟ್ಟಿ) ಕೆಲವು ಮಿಲಿಮೀಟರ್ ಸಲೀಸಾಗಿ ಹಿಂದೆ ಸರಿಯುತ್ತದೆ. ಅದು ಮೊದಲ ಹಂತ. ಆಮೇಲೆ ಗೋಡೆಗೆ ತಾಗಿದಂತೆ ನಿಲ್ಲುತ್ತದೆ. ಇನ್ನೊಂದಿಷ್ಟು ಒತ್ತಡ ಸೇರಿಸಿದರೆ, ಬ್ಲೇಡು ಸರಿದದ್ದೇ ಗೊತ್ತಾಗದ ಹಾಗೆ ಒಳಗಿನ ಕೊಂಡಿ ಕಳಚಿ ಹೊಡೆತ ಬೀಳುತ್ತದೆ. ಅದು ಎರಡನೇ ಹಂತ. ಹೊಡೆಯುವ ಭಾಗವಾದ ಹ್ಯಾಮರ್ ಅಥವಾ ಸ್ಟ್ರೈಕರ್ ಸ್ಪ್ರಿಂಗಿನ ಪೂರ್ತಿ ಬಲ ಬೆರಳಿಗೆ ನೇರವಾಗಿ ಸಿಗುವ ಕೊಂಡಿಯ ಮೇಲೆ ಬೀಳದಂತೆ ನಡುವೆ ಎರಡು ಮೂರು ಸನ್ನೆಗಳು (ಲಿವರ್) ಇರುತ್ತವೆ. ಒಂದೊಂದು ಸನ್ನೆಯೂ ಬಲವನ್ನು ಇಳಿಸುತ್ತಾ ಬಂದು, ಕೊನೆಯ ಕೊಂಡಿಗೆ ತಲುಪುವ ಹೊತ್ತಿಗೆ ಅದು ಬಹಳ ಕಡಿಮೆಯಾಗಿರುತ್ತದೆ. ಇಷ್ಟು ಕಡಿಮೆ ಬಲದಲ್ಲಿ ಕೆಲಸ ಮಾಡುವ ಭಾಗಕ್ಕೆ ಒಂದು ಹತ್ತಿಯ ಎಳೆ ಸಿಕ್ಕಿಕೊಂಡರೂ ಬೆರಳಿಗೆ ಗೊತ್ತಾಗುತ್ತದೆ. ಆದ್ದರಿಂದ ಟ್ರಿಗರ್ ಒರಟಾಯಿತು ಎಂದು ಅನಿಸಿದ ಕೂಡಲೇ ಮೊದಲು ಅನುಮಾನಿಸಬೇಕಾದದ್ದು ಕೊಳೆಯನ್ನು, ಲೋಹವನ್ನಲ್ಲ.

ಕೆಲಸ ಶುರುಮಾಡುವ ಮುನ್ನ ರೈಫಲ್ ಖಾಲಿಯಿದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಬೇಕು. ಬೋಲ್ಟ್ ತೆರೆದು ಚೇಂಬರ್ (ಗುಂಡು ಕೂರುವ ಗೂಡು) ಪರೀಕ್ಷಿಸಬೇಕು. ಗುಂಡು, ಪೆಲೆಟ್ ನೀವು ಕೆಲಸ ಮಾಡುವ ಕೋಣೆಯಲ್ಲೇ ಇರಬಾರದು. ಏರ್ ರೈಫಲ್‌ನಲ್ಲಿ ಗಾಳಿ ಖರ್ಚಾಗದಂತೆ ಟ್ರಿಗರ್ ಅಭ್ಯಾಸ ಮಾಡುವ ವ್ಯವಸ್ಥೆ ಇದ್ದರೆ ಅದನ್ನು ಬಳಸಿ. .22 ರಿಮ್‌ಫೈರ್ (ಪಿನ್ ತೋಟೆಯ ಅಂಚಿಗೆ ಬಡಿಯುವ ರೈಫಲ್) ಆದರೆ ಖಾಲಿ ಚೇಂಬರ್ ಮೇಲೆ ಪದೇ ಪದೇ ಟ್ರಿಗರ್ ಒತ್ತಬೇಡಿ. ಫೈರಿಂಗ್ ಪಿನ್ ಚೇಂಬರಿನ ಅಂಚಿಗೆ ಬಡಿದು ತಗ್ಗು ಬೀಳುವ ಸಾಧ್ಯತೆ ಇದೆ. ಸ್ನ್ಯಾಪ್ ಕ್ಯಾಪ್ (ಅಭ್ಯಾಸದ ನಕಲಿ ತೋಟೆ) ಹಾಕಿಕೊಳ್ಳಿ.

ಯಾವ ಸ್ಕ್ರೂ ಮುಟ್ಟುವುದಕ್ಕೂ ಮೊದಲು ಈಗಿರುವ ಭಾರವನ್ನು ಅಳೆದು ಬರೆದಿಡಬೇಕು. ಇದೊಂದನ್ನು ಬಿಟ್ಟವರೇ ಆಮೇಲೆ ದಾರಿ ತಪ್ಪುವುದು. ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ನೋಡುವುದಕ್ಕಿಂತ ತೂಕ ನೇತುಹಾಕುವುದು ನಿಖರ. ಒಂದು ಸಣ್ಣ ಪ್ಲಾಸ್ಟಿಕ್ ಲೋಟಕ್ಕೆ ದಾರ ಕಟ್ಟಿ, ತುದಿಗೆ ತಂತಿಯ ಕೊಕ್ಕೆ ಮಾಡಿ, ಬ್ಯಾರಲ್ ನೆಟ್ಟಗೆ ಮೇಲಕ್ಕಿರುವಂತೆ ರೈಫಲ್ ಹಿಡಿದು, ಬ್ಲೇಡಿನ ಮೇಲೆ ಬೆರಳು ಕೂರುವ ಜಾಗಕ್ಕೇ ಕೊಕ್ಕೆ ಸಿಗಿಸಿ. ಸಿರಿಂಜಿನಿಂದ ನೀರನ್ನು ಒಂದೊಂದೇ ಮಿಲಿಲೀಟರ್ ಬಿಡುತ್ತಾ ಹೋಗಿ. 1 ಮಿಲಿಲೀಟರ್ ನೀರು 1 ಗ್ರಾಂ. ಬ್ಲೇಡು ಸರಿದು ಗೋಡೆಗೆ ನಿಂತಾಗ ಮೊದಲ ಹಂತದ ಭಾರ ಸಿಕ್ಕಿತು. ಕೊಂಡಿ ಕಳಚಿದಾಗ ಒಟ್ಟು ಭಾರ ಸಿಕ್ಕಿತು. ಲೋಟ, ದಾರ, ಕೊಕ್ಕೆಯ ತೂಕ ಸೇರಿಸಲು ಮರೆಯಬಾರದು. ಹೀಗೆ ಹತ್ತು ಸಲ. ಹತ್ತರಲ್ಲೂ ಹೆಚ್ಚೆಂದರೆ ನಾಲ್ಕೈದು ಗ್ರಾಂ ವ್ಯತ್ಯಾಸವಿದ್ದರೆ ಟ್ರಿಗರ್ ಆರೋಗ್ಯವಾಗಿದೆ, ಹೊಂದಾಣಿಕೆ ಮಾತ್ರ ಬಾಕಿ. ಒಮ್ಮೆ 90, ಇನ್ನೊಮ್ಮೆ 115 ಬಂದರೆ ಸ್ಕ್ರೂ ತಿರುಗಿಸಿ ಪ್ರಯೋಜನವಿಲ್ಲ. ಮೊದಲು ಬಿಚ್ಚಿ ಶುಚಿ ಮಾಡಬೇಕು.

ಕೊಕ್ಕೆಯ ಜಾಗ ಅಷ್ಟು ಮುಖ್ಯವೇ ಎಂದು ಕೇಳುವವರಿದ್ದಾರೆ. ಟ್ರಿಗರ್ ತಿರುಗುವ ಅಚ್ಚಿನಿಂದ (ಪಿನ್ನಿನಿಂದ) ಬೆರಳಿನವರೆಗೆ 25 ಮಿ.ಮೀ. ಇದೆ ಎಂದುಕೊಳ್ಳಿ. ಕೊಕ್ಕೆ 2 ಮಿ.ಮೀ. ಬ್ಲೇಡಿನ ತುದಿಯ ಕಡೆಗೆ ಜಾರಿದರೆ ಸನ್ನೆ ಉದ್ದವಾಗಿ ಭಾರ ನೂರಕ್ಕೆ ಏಳೆಂಟರಷ್ಟು ಕಡಿಮೆ ತೋರಿಸುತ್ತದೆ. 100 ಗ್ರಾಂ ಇದ್ದದ್ದು 93 ಆಗುತ್ತದೆ. ಬೆರಳಿಗೂ ಇದೇ ಲೆಕ್ಕ. ಒಮ್ಮೆ ಬ್ಲೇಡಿನ ನಡುವೆ, ಒಮ್ಮೆ ತುದಿಯಲ್ಲಿ ಬೆರಳಿಡುವವರಿಗೆ ಟ್ರಿಗರ್ ದಿನಕ್ಕೊಂದು ಥರ ಅನಿಸಿದರೆ ಅದರಲ್ಲಿ ಟ್ರಿಗರಿನ ತಪ್ಪಿಲ್ಲ.

ಹಾಗಾಗಿ ಹೊಂದಾಣಿಕೆಯಲ್ಲಿ ಮೊದಲು ಬರುವುದು ಬ್ಲೇಡಿನ ಸ್ಥಾನ. ರೈಫಲ್ ಭುಜಕ್ಕಿಟ್ಟು, ಹಿಡಿಯನ್ನು ಎಂದಿನಂತೆ ಹಿಡಿದು, ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಬ್ಲೇಡಿನ ಮೇಲೆ ಬರುವಂತೆ ಹಿಂದೆ ಮುಂದೆ ಸರಿಸಿ. ಎಳೆತ ಬ್ಯಾರಲ್‌ಗೆ ನೇರವಾಗಿ ಹಿಂದಕ್ಕೆ ಬರಬೇಕು. ಬೆರಳಿನ ಬುಡ ಸ್ಟಾಕ್‌ಗೆ (ಕೈಯಲ್ಲಿ ಹಿಡಿದು ಭುಜಕ್ಕೆ ಆನಿಸುವ ಭಾಗಕ್ಕೆ) ತಾಗುತ್ತಿದೆಯೇ ಎಂದು ನೋಡಲು ನಡುವೆ ಒಂದು ಕಾಗದದ ಚೂರು ತೂರಿಸಿ. ಸಲೀಸಾಗಿ ಹೊರಬರದಿದ್ದರೆ ಬೆರಳು ಸ್ಟಾಕನ್ನು ತಳ್ಳುತ್ತಿದೆ ಎಂದು ಅರ್ಥ. ಹೊಡೆತಗಳು ಒಂದೇ ಪಕ್ಕಕ್ಕೆ ವಾಲುವುದಕ್ಕೆ ಇದೂ ಒಂದು ಕಾರಣ. ಬ್ಲೇಡು ಕೂತ ಸ್ಕ್ರೂ ಬಿಗಿಯಾಗಿದೆಯೇ ಎಂದೂ ಇಲ್ಲೇ ನೋಡಿಬಿಡಿ. ಅದು ಸಡಿಲವಿದ್ದರೆ ಮುಂದೆ ಮಾಡುವುದೆಲ್ಲ ವ್ಯರ್ಥ.

ಆಮೇಲೆ ಸ್ಕ್ರೂಗಳ ಸರದಿ. ಆನ್ಶುಟ್ಜ್, ಫೈನ್‌ವರ್ಕ್‌ಬಾವ್, ವಾಲ್ಥರ್, ಸ್ಟೈರ್ ಹೀಗೆ ಒಬ್ಬೊಬ್ಬ ತಯಾರಕರದೂ ಒಂದೊಂದು ಜೋಡಣೆ. ಯಾವ ಸ್ಕ್ರೂ ಯಾವ ಕಡೆ ತಿರುಗಿದರೆ ಏನಾಗುತ್ತದೆ ಎಂಬುದನ್ನು ಆಯಾ ಮಾದರಿಯ ಕೈಪಿಡಿಯಲ್ಲೇ ನೋಡಬೇಕು. ಊಹೆಯ ಮೇಲೆ ತಿರುಗಿಸಬಾರದು. ಆದರೆ ಕೆಲಸದ ಕ್ರಮ ಎಲ್ಲದಕ್ಕೂ ಹೆಚ್ಚು ಕಡಿಮೆ ಒಂದೇ. ಒಂದೊಂದು ಸ್ಕ್ರೂ ಎಷ್ಟು ಸುತ್ತು ಒಳಗಿದೆ ಎಂದು ಎಣಿಸಿ ಬರೆದುಕೊಂಡು, ಒಮ್ಮೆಗೆ ಒಂದನ್ನೇ, ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ತಿರುಗಿಸಬೇಕು. ಎಂ3 (3 ಮಿ.ಮೀ. ವ್ಯಾಸದ) ಸ್ಕ್ರೂವಿನ ಒಂದು ಪೂರ್ತಿ ಸುತ್ತಿಗೆ ಅರ್ಧ ಮಿಲಿಮೀಟರ್ ಚಲನೆ. ಕಾಲು ಸುತ್ತು ಎಂದರೆ 0.125 ಮಿ.ಮೀ. ಕೊಂಡಿಯ ಹಿಡಿತದ ಮಟ್ಟಿಗೆ ಅದೇ ದೊಡ್ಡ ದೂರ.

ಮೊದಲು ಕೊನೆಯ ತಡೆ, ಅಂದರೆ ಹೊಡೆತ ಬಿದ್ದ ಮೇಲೆ ಬ್ಲೇಡನ್ನು ನಿಲ್ಲಿಸುವ ಸ್ಕ್ರೂ, ಸಾಕಷ್ಟು ಹಿಂದಕ್ಕೆ ಬಿಡಿ. ಇದು ಮುಂದೆ ಇದ್ದರೆ ಬೇರೆ ಯಾವ ಹೊಂದಾಣಿಕೆಯೂ ಸರಿಯಾಗಿ ತಿಳಿಯುವುದಿಲ್ಲ. ಈಗ ಎರಡನೇ ಹಂತ ಶುರುವಾಗುವ ಜಾಗ ಹುಡುಕಬೇಕು. ಸಿಯರ್ ಹಿಡಿತವನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ, ಪ್ರತಿ ಸಲ ಕಾಕ್ ಮಾಡಿ (ಹೊಡೆತಕ್ಕೆ ಸಜ್ಜುಗೊಳಿಸಿ) ಒತ್ತಿ ನೋಡಿ. ಒಂದು ಹಂತದಲ್ಲಿ ಗೋಡೆಯೇ ಮಾಯವಾಗಿ, ಮೊದಲ ಹಂತದ ಓಟದಲ್ಲೇ ಹೊಡೆತ ಬಿದ್ದುಬಿಡುತ್ತದೆ. ಅಲ್ಲಿಂದ ವಾಪಸ್ಸು ಬನ್ನಿ. ಗೋಡೆ ಸ್ಪಷ್ಟವಾಗಿ ಸಿಗುವವರೆಗೆ, ಸಿಕ್ಕ ಮೇಲೂ ಇನ್ನೊಂದು ಕಾಲು ಸುತ್ತು. ಈ ಕೊನೆಯ ಕಾಲು ಸುತ್ತನ್ನು ಉಳಿಸಿಕೊಳ್ಳಲು ಬಹಳ ಮಂದಿಗೆ ಮನಸ್ಸಾಗುವುದಿಲ್ಲ, ಟ್ರಿಗರ್ ಒಂದಿಷ್ಟು ಜರುಗಿದಂತೆ ಅನಿಸುತ್ತದೆ ಎನ್ನುತ್ತಾರೆ. ದಯವಿಟ್ಟು ಉಳಿಸಿಕೊಳ್ಳಿ. ಸವೆತಕ್ಕೆ, ಚಳಿ ಸೆಕೆಗೆ, ರೈಫಲ್ ಬೆಂಚಿಗೆ ಬಡಿಯುವ ಪೆಟ್ಟಿಗೆ ಇರುವ ರಕ್ಷಣೆ ಅದೊಂದೇ. ಎಷ್ಟು ಉಳಿಸಬೇಕೆಂದು ಕೈಪಿಡಿ ಹೇಳಿದ್ದರೆ ಅದನ್ನೇ ಪಾಲಿಸಿ.

ಭಾರ ಹಂಚುವಾಗ ಒಂದು ವಿಷಯ ನೆನಪಿರಲಿ: ಎರಡನೇ ಹಂತದಲ್ಲಿ ಬೆರಳು ಹೊರುವುದು ಎರಡೂ ಸ್ಪ್ರಿಂಗುಗಳ ಒಟ್ಟು ಭಾರವನ್ನು. ಆದ್ದರಿಂದ ಮೊದಲ ಹಂತದ ಸ್ಪ್ರಿಂಗ್ ಬಿಗಿ ಮಾಡಿದರೆ ಒಟ್ಟು ಭಾರವೂ ಏರುತ್ತದೆ. ಮೊದಲ ಹಂತವನ್ನು ಮುಗಿಸಿಕೊಂಡೇ ಎರಡನೆಯದಕ್ಕೆ ಹೋಗಬೇಕು, ಕೊನೆಗೆ ಎರಡನ್ನೂ ಮತ್ತೆ ಅಳೆಯಬೇಕು. ಏರ್ ರೈಫಲ್‌ನಲ್ಲಿ ಒಟ್ಟು 100 ಗ್ರಾಂ ಆಸುಪಾಸು ಒಳ್ಳೆಯ ಆರಂಭ. ಅದರಲ್ಲಿ 60ರಿಂದ 70 ಗ್ರಾಂ ಮೊದಲ ಹಂತಕ್ಕೆ, ಉಳಿದದ್ದು ಗೋಡೆಗೆ. ಮೊದಲ ಹಂತಕ್ಕೆ ಬರೀ 30 ಕೊಟ್ಟು ಗೋಡೆಗೆ 70 ಇಟ್ಟರೆ, ಬೆರಳು ಗೋಡೆಗೆ ಬಂದು ನಿಂತು, ಮತ್ತೆ ಧೈರ್ಯ ಮಾಡಿ ಒತ್ತಬೇಕಾಗುತ್ತದೆ. ಅಲ್ಲಿ ಸೆಳೆತ ಬರುತ್ತದೆ. ತದ್ವಿರುದ್ಧವಾಗಿ ಗೋಡೆಗೆ ಹತ್ತೇ ಗ್ರಾಂ ಇಟ್ಟರೆ, ಸ್ಪರ್ಧೆಯ ದಿನ ಎದೆಬಡಿತ ಹೆಚ್ಚಿ ಬೆರಳಿನ ಸ್ಪರ್ಶ ಮಂದವಾದಾಗ ಗೋಡೆಯೇ ಸಿಗುವುದಿಲ್ಲ. ಹೊಸಬರಿಗೆ ಒಟ್ಟು ಭಾರ 120 ಆದರೂ ಪರವಾಗಿಲ್ಲ, ಗೋಡೆ ಸ್ಪಷ್ಟವಾಗಿರಲಿ. ಚಳಿಯಲ್ಲಿ ಬೆರಳು ಮರಗಟ್ಟುವ ಕಡೆ ಎಲ್ಲರಿಗೂ ಇದೇ ಮಾತು.

ಕೊನೆಯಲ್ಲಿ ತಡೆ ಸ್ಕ್ರೂ. ಅದನ್ನು ಹೊಡೆತ ಬೀಳದೇ ಇರುವವರೆಗೆ ಒಳಕ್ಕೆ ತಿರುಗಿಸಿ, ಮತ್ತೆ ಬೀಳುವವರೆಗೆ ಹಿಂದಕ್ಕೆ ಬಿಡಿಸಿ, ಅದರ ಮೇಲೆ ಕಾಲು ಸುತ್ತಿನಿಂದ ಅರ್ಧ ಸುತ್ತಿನವರೆಗೆ ಸೇರಿಸಿ. ತೀರಾ ಹತ್ತಿರ ಇಟ್ಟರೆ ಒಂದು ಧೂಳಿನ ಕಣ ಬಂದರೂ ಕೊಂಡಿ ಪೂರ್ತಿ ಕಳಚದೆ ಸಿಯರ್ ಅಂಚು ಉಜ್ಜಿಕೊಂಡು ಹೋಗುತ್ತದೆ. ಆಗ ಭಾರ ಒಂದೊಂದು ಹೊಡೆತಕ್ಕೆ ಒಂದೊಂದು ಥರ ಬರುತ್ತದೆ. ತೀರಾ ದೂರ ಬಿಟ್ಟರೆ, ಕೊಂಡಿ ಕಳಚಿದ ಮೇಲೆ ಬೆರಳು ದಢಕ್ಕನೆ ಹಿಂದೆ ಬಿದ್ದು, ಪೆಲೆಟ್ ಇನ್ನೂ ಬ್ಯಾರಲ್ ಒಳಗಿರುವಾಗಲೇ ರೈಫಲ್ ಅಲುಗುತ್ತದೆ.

ಇಷ್ಟಾದರೂ ಮರಳು ಸಿಕ್ಕಿದಂತೆ ಕರಕರ ಎನ್ನುತ್ತಿದ್ದರೆ ಟ್ರಿಗರ್ ಘಟಕ ಹೊರತೆಗೆದು ತೊಳೆಯಬೇಕು. ಅನುಭವವಿಲ್ಲದವರು ಒಳಗಿನ ಭಾಗಗಳನ್ನು ಬಿಡಿಬಿಡಿಯಾಗಿ ಬಿಚ್ಚದೆ, ಘಟಕವನ್ನು ಇಡಿಯಾಗಿಯೇ ವೈಟ್ ಸ್ಪಿರಿಟ್‌ನಲ್ಲಿ ಮೆತ್ತನೆಯ ಬ್ರಷ್ಷಿನಿಂದ ತೊಳೆದು ಒಣಗಿಸಿದರೆ ಸಾಕು. ಬೆಂಕಿಯಿಂದ ದೂರ, ಗಾಳಿಯಾಡುವ ಜಾಗದಲ್ಲಿ. ಹತ್ತಿಯಿಂದ ಒರೆಸಬೇಡಿ, ಅದರ ಎಳೆ ಒಳಗೇ ಉಳಿಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವ ಅಭ್ಯಾಸ ಬಹಳ ಕಡೆ ಇದೆ. ಹೊಡೆದ ದಿನ ಟ್ರಿಗರ್ ಬೆಣ್ಣೆಯಂತೆ ಇರುತ್ತದೆ, ತಿಂಗಳುಗಳು ಕಳೆದಂತೆ ಅದರ ಅಂಶ ಅಂಟಾಗಿ ಧೂಳು ಹಿಡಿದು ಮೊದಲಿಗಿಂತ ಕೆಡುತ್ತದೆ. ತೊಳೆದ ಮೇಲೆ ಅಚ್ಚುಗಳಿಗೆ ಸೂಜಿಯ ತುದಿಯಲ್ಲಿ ನಿಲ್ಲುವಷ್ಟು ತೆಳು ಎಣ್ಣೆ. ಸಿಯರ್ ಮುಖಕ್ಕೆ ಬೆಂಕಿಕಡ್ಡಿಯ ತುದಿಯಿಂದ ಮಾಲಿಬ್ಡಿನಮ್ ಡೈಸಲ್ಫೈಡ್ ಗ್ರೀಸ್ ಸವರಿ, ಬೂದುಬಣ್ಣದ ಪೊರೆ ಮಾತ್ರ ಉಳಿಯುವಂತೆ ಒರೆಸಿಬಿಡಬೇಕು. ಒಣಗಿಯೇ ಇರಲಿ ಎಂದು ತಯಾರಕರು ಹೇಳಿದ್ದರೆ ಒಣಗಿಯೇ ಇರಲಿ. ಏರ್ ರೈಫಲ್‌ನವರಿಗೆ ಇನ್ನೊಂದು ಎಚ್ಚರಿಕೆ: ಈ ಎಣ್ಣೆ, ಗ್ರೀಸು ಯಾವುದೂ ಸಿಲಿಂಡರ್ ಕಡೆಗೆ, ವಾಲ್ವ್ ಕಡೆಗೆ ಹೋಗಕೂಡದು. 200 ಬಾರ್ ಒತ್ತಡದ ಗಾಳಿಗೆ ಪೆಟ್ರೋಲಿಯಂ ಎಣ್ಣೆ ಸಿಕ್ಕಿದರೆ ಹೊತ್ತಿಕೊಳ್ಳುವ ಅಪಾಯವಿದೆ.

ಇನ್ನು ಪಾಲಿಷ್ ವಿಚಾರ. ಉಜ್ಜಲೇಬೇಕು ಎನ್ನುವವರು ಸಿಯರ್ ಬಿಟ್ಟು ಬೇರೆ ಕಡೆ ನೋಡಿದರೆ ಅರ್ಧ ದೂರು ಅಲ್ಲೇ ತೀರುತ್ತದೆ. ಸ್ಪ್ರಿಂಗಿನ ಕೊನೆಯ ಸುತ್ತನ್ನು ಭೂತಗನ್ನಡಿಯಲ್ಲಿ ನೋಡಿ. ತಂತಿ ಕತ್ತರಿಸಿದ ಜಾಗದಲ್ಲಿ ಚೂಪಾದ ಮೂಲೆ ಇರುತ್ತದೆ. ಸ್ಪ್ರಿಂಗ್ ಕುಗ್ಗುವಾಗ ಸ್ವಲ್ಪ ತಿರುಗುವುದರಿಂದ ಆ ಮೂಲೆ ತಾನು ಕೂತ ಜಾಗವನ್ನು ಕೆರೆಯುತ್ತದೆ. ಬೆರಳಿಗೆ ಸಿಗುವ ಕರಕರ ಅದೇ. ನಯವಾದ ಕಲ್ಲಿಗೆ ನಾಲ್ಕು ಸಲ ಸವರಿ ಆ ಮೂಲೆ ಮುರಿದರೆ ಶಬ್ದವೇ ನಿಲ್ಲುತ್ತದೆ. ಹಾಗೆಯೇ ಸನ್ನೆಗಳ ಪಕ್ಕದ ಮುಖಗಳು ಘಟಕದ ಗೋಡೆಗೆ ಉಜ್ಜುವ ಜಾಗ, ಅಚ್ಚಿನ ಪಿನ್ನುಗಳು. ಇವನ್ನು ಹೊಳಪು ಮಾಡಿದರೆ ಲಾಭವಿದೆ, ಅಪಾಯ ಕಡಿಮೆ.

ಸಿಯರ್ ಮುಖದ ಕಥೆಯೇ ಬೇರೆ. ಅನೇಕ ಟ್ರಿಗರ್‌ಗಳಲ್ಲಿ ಈ ಉಕ್ಕಿಗೆ ಮೇಲ್ಪದರದಲ್ಲಷ್ಟೇ ಗಡಸುತನ ಕೊಟ್ಟಿರುತ್ತಾರೆ. ಆ ಪದರ ಮಿಲಿಮೀಟರಿನ ಒಂದಂಶದಷ್ಟೇ ದಪ್ಪ. ಉಜ್ಜಿ ಅದನ್ನು ದಾಟಿದರೆ ಒಳಗಿನ ಮೃದು ಉಕ್ಕು ಮೇಲೆ ಬರುತ್ತದೆ. ಆರಂಭದಲ್ಲಿ ಅದ್ಭುತ ಅನಿಸಿದ್ದು, ಹೊಡೆಯುತ್ತಾ ಹೋದಂತೆ ಅಂಚು ಮಡಚಿ ಕೆಡುತ್ತದೆ. ಆಮೇಲೆ ಭಾಗ ಬದಲಿಸುವುದೊಂದೇ ದಾರಿ. ಅದಕ್ಕಿಂತ ಭಯದ ವಿಷಯ ಕೋನ. ಸರಿಯಾದ ಕೋನವಿದ್ದರೆ ಟ್ರಿಗರ್ ಒತ್ತಿದಾಗ ಹ್ಯಾಮರ್ ಕೂದಲೆಳೆಯಷ್ಟು ಹಿಂದಕ್ಕೆ ಹೋಗಿ ಆಮೇಲೆ ಕಳಚುತ್ತದೆ, ಇಲ್ಲವೇ ಇದ್ದಲ್ಲೇ ಇರುತ್ತದೆ. ಒತ್ತುತ್ತಿದ್ದ ಹಾಗೆ ಹ್ಯಾಮರ್ ಮುಂದಕ್ಕೆ ಜಾರುತ್ತಿದ್ದರೆ ಕೋನ ತಿರುಗಿಬಿದ್ದಿದೆ. ಅಂಥ ಕೊಂಡಿಯನ್ನು ಹಿಡಿದಿಟ್ಟಿರುವುದು ಬರೀ ಘರ್ಷಣೆ. ಅದಕ್ಕೆ ಹೊಳಪು ಕೊಟ್ಟು ಗ್ರೀಸ್ ಹಚ್ಚಿದರೆ ಉಳಿದಿದ್ದ ಆ ಘರ್ಷಣೆಯನ್ನೂ ತೆಗೆದುಹಾಕಿದಂತೆ. ಮುಟ್ಟದೆಯೇ ಹಾರುವ ರೈಫಲ್ ತಯಾರಾಗುವುದು ಹೀಗೆ.

ತಿಳಿದವರು ಸಿಯರ್ ಮುಟ್ಟುವುದಾದರೂ ಲೋಹ ತೆಗೆಯಲು ಹೋಗುವುದಿಲ್ಲ. ಮುಖಕ್ಕೆ ಕಪ್ಪು ಮಾರ್ಕರ್ ಶಾಯಿ ಬಳಿದು, ಜೋಡಿಸಿ, ಹತ್ತಾರು ಸಲ ಕಾಕ್ ಮಾಡಿ ಬಿಟ್ಟು, ಮತ್ತೆ ಬಿಚ್ಚಿ ನೋಡುತ್ತಾರೆ. ಶಾಯಿ ಅಗಲಕ್ಕೂ ಸಮನಾಗಿ ಅಳಿಸಿದ್ದರೆ ಕೆಲಸವೇ ಇಲ್ಲ. ಒಂದು ಮೂಲೆಯಲ್ಲಿ ಮಾತ್ರ ಅಳಿಸಿದ್ದರೆ ಅಲ್ಲಿ ಅಂಚಿನ ಮುಳ್ಳು ಎದ್ದಿದೆ. ಅತ್ಯಂತ ನಯವಾದ ಸೆರಾಮಿಕ್ ಕಲ್ಲನ್ನು ಮೂಲ ಕೋನ ತಪ್ಪದಂತೆ ಹಿಡಿಕೆಯಲ್ಲಿ ಕೂರಿಸಿ, ಭಾಗ ಜಾರುವ ದಿಕ್ಕಿನಲ್ಲೇ ಐದಾರು ಸಲ ಎಳೆದು, ಒರೆಸಿ, ಮತ್ತೆ ಶಾಯಿ ಬಳಿಯುತ್ತಾರೆ. ಕನ್ನಡಿಯಂಥ ಹೊಳಪಿಗಿಂತ ಸಮತಟ್ಟು ಮುಖ್ಯ. ಬಟ್ಟೆಯ ಚಕ್ರಕ್ಕೆ ಹಿಡಿದರೆ ಹೊಳೆಯುತ್ತದೆ ನಿಜ, ಅಂಚು ದುಂಡಗಾಗುತ್ತದೆ. ಕೈಯಲ್ಲೇ ಹಿಡಿದು ಉಜ್ಜುವುದೂ ಅದೇ ತಪ್ಪು.

ಸ್ಪ್ರಿಂಗ್ ಕತ್ತರಿಸುವ ಚಾಳಿಯೂ ಇದೆ. ಹತ್ತು ಸುತ್ತಿನ ಸ್ಪ್ರಿಂಗಿನಲ್ಲಿ ಎರಡು ಸುತ್ತು ಕತ್ತರಿಸಿದರೆ ಉಳಿದದ್ದು ಮೊದಲಿಗಿಂತ ನೂರಕ್ಕೆ 25ರಷ್ಟು ಹೆಚ್ಚು ಬಿಗಿ. ಆರಂಭದ ಒತ್ತಡ ಇಳಿದು ಹಗುರ ಎನಿಸುತ್ತದೆ, ಬ್ಲೇಡು ಸರಿದಂತೆಲ್ಲ ಭಾರ ಬೇಗ ಏರುತ್ತದೆ. ಮೊದಲ ಹಂತ ಉದ್ದಕ್ಕೂ ಸಮನಾಗಿರಬೇಕಾದದ್ದು ಏರುಹಾದಿಯಾಗಿ, ಗೋಡೆ ಎಲ್ಲಿ ಎಂದೇ ತಿಳಿಯುವುದಿಲ್ಲ. ಹಗುರ ಬೇಕಿದ್ದರೆ ಆ ಮಾದರಿಗೇ ಬರುವ ತೆಳು ತಂತಿಯ ಸ್ಪ್ರಿಂಗ್ ತರಿಸಿ ಹಾಕಬೇಕು.

ಮುಗಿದ ಮೇಲೆ ಪರೀಕ್ಷೆ. ಖಾಲಿ ರೈಫಲ್ ಕಾಕ್ ಮಾಡಿ, ಬೋಲ್ಟನ್ನು ಜೋರಾಗಿ ಇಪ್ಪತ್ತು ಸಲ ಮುಚ್ಚಿ. ಹಿಂಬದಿಯನ್ನು ರಬ್ಬರ್ ಹಾಸಿನ ಮೇಲೆ ಒಂದು ಗೇಣು ಎತ್ತರದಿಂದ ನೆಟ್ಟಗೆ ಕುಕ್ಕಿ. ರಬ್ಬರ್ ಸುತ್ತಿಗೆಯಿಂದ ಸ್ಟಾಕ್‌ನ ನಾಲ್ಕೂ ಕಡೆ ತಟ್ಟಿ. ಒಂದೇ ಒಂದು ಸಲ ಕಳಚಿದರೂ ಆ ಹೊಂದಾಣಿಕೆ ಬೇಡ, ಹಿಡಿತ ಹೆಚ್ಚಿಸಿ ಮೊದಲಿನಿಂದ ಅಳೆಯಿರಿ. ಮೊದಲ ಹಂತದ ಅರ್ಧಕ್ಕೆ ಒತ್ತಿ ಬೆರಳು ತೆಗೆದಾಗ ಬ್ಲೇಡು ಪೂರ್ತಿ ಮುಂದೆ ಬರಬೇಕು. ಗೋಡೆಯವರೆಗೆ ಒತ್ತಿ ಬಿಟ್ಟಾಗಲೂ ಬರಬೇಕು. ಬಾರದಿದ್ದರೆ ಮೊದಲ ಹಂತದ ಸ್ಪ್ರಿಂಗ್ ತೀರಾ ಸಡಿಲವಾಗಿದೆ. ಹೊಡೆಯದೆ ರೈಫಲ್ ಕೆಳಗಿಳಿಸುವ ಶೂಟರ್‌ಗೆ ಇದಕ್ಕಿಂತ ಅಪಾಯದ ದೋಷ ಇನ್ನೊಂದಿಲ್ಲ. ಕೊಂಡಿ ಅರ್ಧಕ್ಕೇ ನಿಂತುಬಿಟ್ಟಿರುತ್ತದೆ.

ಸ್ಕ್ರೂಗಳು ಅಲುಗದಿರಲಿ ಎಂದು ಗಟ್ಟಿ ಲಾಕಿಂಗ್ ಅಂಟು ಹಾಕಬೇಡಿ. ಅದು ಸ್ಕ್ರೂವಿನ ಸುತ್ತುಗಳ ಮೂಲಕ ಹರಿದು ಅಚ್ಚಿಗೆ ಸೇರಿದರೆ ಟ್ರಿಗರೇ ಅಂಟಿಕೊಳ್ಳುತ್ತದೆ. ಸ್ಕ್ರೂ ತಲೆಯಿಂದ ಘಟಕದವರೆಗೆ ಉಗುರುಬಣ್ಣದ ಒಂದು ತೆಳು ಗೆರೆ ಎಳೆದರೆ ಸಾಕು, ಸ್ಕ್ರೂ ತಿರುಗಿದರೆ ಗೆರೆ ಒಡೆದು ತೋರಿಸುತ್ತದೆ. ಪ್ರತಿ ಸ್ಪರ್ಧೆಯ ಹಿಂದಿನ ದಿನ ಆ ಗೆರೆ ನೋಡಿ, ನೀರಿನ ಲೋಟ ನೇತುಹಾಕಿ ಮೂರು ಸಲ ಅಳೆದು, ಹಳೆಯ ಅಂಕಿಗಳ ಪಕ್ಕ ಬರೆದಿಡಿ. ಭಾರ ತಿಂಗಳಿಂದ ತಿಂಗಳಿಗೆ ತಾನಾಗಿ ಇಳಿಯುತ್ತಾ ಬಂದಿದ್ದರೆ ಸಿಯರ್ ಅಂಚು ಸವೆಯುತ್ತಿರಬಹುದು. ಅದನ್ನು ಸ್ಕ್ರೂ ಬಿಗಿ ಮಾಡಿ ಮುಚ್ಚದೆ, ರೈಫಲನ್ನು ಆ ಮಾದರಿ ಬಲ್ಲ ಆರ್ಮರರ್ (ಬಂದೂಕು ದುರಸ್ತಿಗಾರ) ಕೈಗೆ ಕೊಡಿ, ಜೊತೆಗೆ ಆ ಅಂಕಿಗಳ ಪುಸ್ತಕವನ್ನೂ.

ಇಂತಿ,
ಗುರಿ ರೈಫಲ್ ತರಬೇತಿ ಹಾಗೂ ದುರಸ್ತಿ ಕೆಲಸದಲ್ಲಿರುವ ಓದುಗರು